ಮಾದರಿಗೊಂದು ವಿಳಾಸ

"ಕಟ್ಟುಕತೆ ವಿಳಾಸ ಬೇಡ. ನಿಜವಾಗ್ಲೂ ಯಾರಾದ್ರೂ ಇರೋ ಮನೇದೇ ಬೇಕು. ಈಗ್ಲೇ ಹಾಕಿ ನೋಡೋಣ," ಎನ್ನುತ್ತ ಮೇಡಂ ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತೇಬಿಟ್ಟರು.

ತಪ್ಪು ಅವನದೇ. ಕಂಪನಿ ನೀರಿನ ಪಂಪುಗಳ ಬಿಡಿಭಾಗಗಳನ್ನು ಹತ್ತಾರು ದೇಶಗಳಿಗೆ ಮಾರುತ್ತಿತ್ತು. ಯಾವ ದೇಶದ ವಿಳಾಸ ಹೇಗಿರಬೇಕು ಎಂದು ಸಾಫ್ಟ್‌ವೇರಿಗೆ ಕಲಿಸುವುದು ಅವನ ಕೆಲಸ. ಪಿನ್‌ಕೋಡಿನಲ್ಲಿ ಒಂದು ಅಂಕಿ ಕಡಿಮೆಯಾದರೂ ಆ ಜಾಗದ ಸುತ್ತ ಕೆಂಪು ಗೆರೆ ಬೀಳುವಂತೆ, ಆರ್ಡರ್ ಮುಂದಕ್ಕೇ ಹೋಗದಂತೆ ಮಾಡಿಟ್ಟಿದ್ದ. ಆಫೀಸಿನಲ್ಲಿ ಅವನಿಗೆ ಕೆಂಪುಗೆರೆ ಎಂದೇ ಹೆಸರು. ಅವನಿಗೂ ಅದರಲ್ಲಿ ಒಳಗೊಳಗೇ ಹೆಮ್ಮೆ. ಆದರೆ ಈ ಒಂದು ಪುಟ್ಟ ದೇಶದ ಬಗ್ಗೆ ವಿಚಾರಿಸುವ ಗೋಜಿಗೆ ಹೋಗದೆ, ಪಕ್ಕದ ದೇಶದ ನಿಯಮವನ್ನೇ ಎತ್ತಿ ಅಂಟಿಸಿದ್ದ. ಅಲ್ಲಿ ಪಿನ್‌ಕೋಡೂ ಇಲ್ಲ, ಮನೆಗಳಿಗೆ ನಂಬರೂ ಇಲ್ಲ. ಆರ್ಡರುಗಳೆಲ್ಲ ಬಾಗಿಲಲ್ಲೇ ನಿಂತವು, ಗಿರಾಕಿಗಳು ಬೈದು ಬೇರೆ ಕಂಪನಿಯ ದಾರಿ ಹಿಡಿದರು. ಈಗ ಆ ನಿಯಮ ಕಿತ್ತು ಹೊಸದು ಹಾಕಿದ್ದ, ಅದು ಸರಿಯಿದೆಯೋ ಎಂದು ಪರೀಕ್ಷಿಸಲು ಅಲ್ಲಿಯದೇ ಒಂದು ವಿಳಾಸ ಬೇಕಿತ್ತು.

"ನಿಮ್ಮ ಅಕ್ಕ ಆ ದೇಶದಲ್ಲೇ ಇರೋದಲ್ವಾ? ಭಾವ ತೀರಿಕೊಂಡಾಗ ರಜಾ ಕೂಡ ಬರೆದು ಕೊಟ್ಟಿದ್ರಿ," ಎಂದರು ಮೇಡಂ. "ಅವರ ವಿಳಾಸಾನೇ ಹಾಕಿ."

ರಜಾ ಬರೆದು ಕೊಟ್ಟಿದ್ದು ನಿಜ. ಕೈಯಲ್ಲಿರುವ ಕೆಲಸ ಮುಗಿಯಲಿ, ಆಮೇಲೆ ಹೊರಟರಾಯಿತು ಎಂದು ಅದನ್ನು ರದ್ದು ಮಾಡಿಸಿದವನೂ ಅವನೇ. ಕೆಲಸಕ್ಕೇನು, ಕೊನೆಮೊದಲು ಉಂಟೇ? ಎರಡು ವರ್ಷ ಉರುಳಿತ್ತು. ಅದಕ್ಕೂ ಹಿಂದೆ ಅಕ್ಕನೇ ಬಂದು ನೋಡಿಕೊಂಡು ಹೋಗುತ್ತಿದ್ದಳು, ಹಾಗಾಗಿ ಅವಳ ಮನೆ ಎಲ್ಲಿದೆಯೆಂದು ಕೇಳುವ ಪ್ರಮೇಯವೇ ಬಂದಿರಲಿಲ್ಲ. ಲೋಕದ ವಿಳಾಸವನ್ನೆಲ್ಲ ತಿದ್ದುವವನಿಗೆ ಒಡಹುಟ್ಟಿದವಳ ವಿಳಾಸ ಗೊತ್ತಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ. ಮೇಡಂ ಮುಂದೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, "ಒಂದ್ಸಲ ಕೇಳಿ ಖಚಿತ ಮಾಡ್ಕೋತೀನಿ" ಎಂದು ಫೋನ್ ಮಾಡಿದ. ಟೈಪ್ ಮಾಡಲು ಎರಡೂ ಕೈ ಬೇಕಲ್ಲ, ಸ್ಪೀಕರಿಗೆ ಹಾಕಿದ.

"ಅಕ್ಕ, ನಿನ್ನ ಮನೆ ವಿಳಾಸ ಸ್ವಲ್ಪ ಹೇಳ್ತೀಯಾ?"

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ವಿಳಾಸಾನಾ? ಬರ್ತಿದೀಯಾ ಪುಟ್ಟು?" ಅಕ್ಕನ ದನಿ ಅರಳಿತು. "ಭಾವ ಹೋದಾಗ್ಲೂ ಬರ್ತೀನಿ ಅಂದಿದ್ದೆ. ವಿಳಾಸ ಕೇಳ್ಲಿಲ್ವಲ್ಲ, ಇವನು ಬರೋನಲ್ಲ ಅಂತ ಅವತ್ತೇ ಅಂದ್ಕೊಂಡ್ಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬರ್ಕೋ, ಬರ್ಕೋ."

ಬರುತ್ತಿಲ್ಲ ಎನ್ನುವ ಬದಲು ಅವನು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡ. ಬೆರಳುಗಳು ಅವಳ ಮಾತಿನ ಹಿಂದೆ ಓಡಿದವು.

"ಬಸ್ ಸ್ಟ್ಯಾಂಡಿಂದ ಮಾರ್ಕೆಟ್ ರಸ್ತೆ ಹಿಡಿ. ಹಳೇ ನೀರಿನ ಟ್ಯಾಂಕ್ ಸಿಗುತ್ತೆ. ಅದರ ಹಿಂದೆ ಎಡಕ್ಕೆ ಒಂದು ಗಲ್ಲಿ. ನನ್ನ ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ, ಗಡಿಯಾರ ರಿಪೇರಿಯವರ ಮನೆ ಅಂತ ಕೇಳು. ಭಾವ ಹೋದ್ರೂ ಜನ ಹಾಗೇ ಅಂತಾರೆ. ಬೆಲ್ ಕೆಟ್ಟಿದೆ, ಕಿಟಕಿ ತಟ್ಟು. ಮಂಡಿ ನೋವು ಕಣೋ, ಏಳೋದು ತಡ ಆಗುತ್ತೆ. ಯಾರೂ ಇಲ್ಲ ಅಂತ ವಾಪಸ್ ಹೋಗ್ಬಿಡ್ಬೇಡ."

ಮಂಡಿ ನೋವಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಪರದೆಯ ಮೇಲೆ ಎಲ್ಲೂ ಕೆಂಪು ಗೆರೆ ಬೀಳಲಿಲ್ಲ. "ಒಂದಕ್ಷರಕ್ಕೂ ತಕರಾರಿಲ್ಲ ನೋಡಿ. ಸೇವ್ ಮಾಡಿ," ಎಂದು ಮೇಡಂ ಪಿಸುಗುಟ್ಟಿದರು.

"ಯಾರದು ಪಕ್ಕದಲ್ಲಿ? ಟಕಟಕ ಅಂತ ಸದ್ದು ಬೇರೆ. ಆಫೀಸಲ್ಲಿದೀಯಾ?"

"ಹೂಂ ಅಕ್ಕ."

"ಇರ್ಲಿ. ಯಾವತ್ತು ಬರ್ತೀಯ?"

"ನೋಡೋಣ ಅಕ್ಕ, ಇಲ್ಲೊಂದು ಸ್ವಲ್ಪ ಕೆಲಸ..."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡ. ವಿಳಾಸ ಯಾಕೆ ಕೇಳ್ದೆ, ಅದನ್ನ ಹೇಳು."

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಆದರೆ ಚಿಕ್ಕಂದಿನಿಂದಲೂ ಅವನ ಸುಳ್ಳು ಬಾಯಿಂದ ಹೊರಡುವ ಮೊದಲೇ ಅಕ್ಕನಿಗೆ ಗೊತ್ತಾಗಿಬಿಡುತ್ತಿತ್ತು.

"ಆಫೀಸಿಗೆ ಅಕ್ಕ. ನಿಮ್ಮ ಕಡೆ ವಿಳಾಸಾನ ಸಾಫ್ಟ್‌ವೇರ್ ಒಪ್ಪುತ್ತೋ ಇಲ್ವೋ ನೋಡ್ಬೇಕಿತ್ತು. ಮಾದರಿಗೆ ಅಂತ ಒಂದು..." ಎಂದು ನಿಲ್ಲಿಸಿದ.

ಮೇಡಂ ಮೆಲ್ಲಗೆ ಎದ್ದು ಆಚೆ ಹೋದರು. ಅವನು ಕುರ್ಚಿಯಲ್ಲೇ ಕುಗ್ಗಿಹೋದ. ಬರ್ತೀನಿ ಅಕ್ಕ, ಈ ಸಲ ನಿಜವಾಗ್ಲೂ ಬರ್ತೀನಿ ಎನ್ನಬೇಕೆನಿಸಿತು. ಆ ಮಾತನ್ನು ಎರಡು ವರ್ಷದ ಹಿಂದೆಯೇ ಖರ್ಚು ಮಾಡಿ ಆಗಿತ್ತು.

"ಒಪ್ತಾ?" ಎಂದಳು ಅಕ್ಕ.

"ಒಪ್ತು."

"ಹಾಗಾದ್ರೆ ಟ್ಯಾಂಕಿನ ತನಕ ಇಟ್ಕೋ, ಸಾಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಂದ ಮುಂದಿಂದು ಅಳಿಸ್ಬಿಡು. ಅದು ಮನೆಗೆ ಬರೋರಿಗೆ ಹೇಳಿದ್ದು."