ಕದಲದ ಸೊನ್ನೆ

"ಎಲ್ಲದರ ಅನುಮಾನವೂ ಇಳಿದಿದೆ, ಇದೊಂದು ಸಾಲು ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲವಲ್ಲಮ್ಮ!" ಹಿರಿಯ ಅಧಿಕಾರಿ ಪರದೆಗೆ ಬೆರಳಿಟ್ಟು ಕೇಳಿದರು.

ಕಡಲ ರಕ್ಷಣಾ ಕಚೇರಿಯ ಸಂಖ್ಯಾಶಾಸ್ತ್ರಜ್ಞೆ ಅವಳು. ಬಿರುಗಾಳಿಯಲ್ಲಿ ಕಾಣೆಯಾದ ಬೋಟಿನ ಮೆಕ್ಯಾನಿಕ್ ಅವಳ ಗಂಡ. ರಜೆ ತಗೋ ಎಂದರೆ ಕೇಳಿದವಳಲ್ಲ. ಅಲ್ಲಿನ ಬೇಸಿಯನ್ ಸಾಫ್ಟ್‌ವೇರಿಗೆ ಮೊದಲು ಬೋಟಿನ ಬಗ್ಗೆ ನಾವು ನಂಬಿದ್ದೇನು, ಆ ನಂಬಿಕೆಯಲ್ಲಿ ಅನುಮಾನ, ಅಂದರೆ ಅವರ ಭಾಷೆಯ ವೇರಿಯನ್ಸ್, ಎಷ್ಟು ಎಂದು ಹೇಳಬೇಕು. ಗಾಳಿ, ನೀರಿನ ಸೆಳೆತ, ತೇಲಿ ಸಿಕ್ಕ ಡಬ್ಬಿ, ಹೀಗೆ ಸುದ್ದಿ ಬಂದಹಾಗೆಲ್ಲ ಅದು ನಂಬಿಕೆಯನ್ನು ತಿದ್ದಿ, ಉಳಿದ ಅನುಮಾನವೆಷ್ಟೆಂದು ತೋರಿಸುತ್ತದೆ. ಅದನ್ನು ನೋಡಿಯೇ ಎಲ್ಲಿ ಹುಡುಕಬೇಕೆಂದು ವಿಮಾನಕ್ಕೆ ಹೇಳುವುದು.

"ಎಂಜಿನ್ ಓಡ್ತಿದೆ ಅನ್ನೋ ಸಾಲಿಗೆ ಅನುಮಾನ ಎಷ್ಟು ಹಾಕಿದ್ದೆ?"

"ಸೊನ್ನೆ."

"ಸೊನ್ನೆ ಹಾಕಿದ್ರೆ ಸಮುದ್ರವೇ ಬಂದು ಹೇಳಿದ್ರೂ ಇದು ಕೇಳಲ್ಲ ಅಂತ ನಮಗೆಲ್ಲ ಪಾಠ ಮಾಡಿದವಳು ನೀನೇ ಅಲ್ವೇನಮ್ಮ?"

"ಹೊರಡೋವಾಗ ಕೇಳಿದ್ದೆ ಸರ್. ‘ನಾನು ಕೈಯಾರೆ ಬಿಚ್ಚಿ ಕೂಡಿಸಿದ ಎಂಜಿನ್ನು ಕಣೇ, ಕೈಕೊಡಲ್ಲ’ ಅಂದ್ರು. ಅವರ ಮಾತಿನ ಮೇಲೆ ಅನುಮಾನ ಎಷ್ಟು ಅಂತ ಬರೀಲಿ?"

ಗಣಿತ ಕಲಿತರೆ ಕರುಳು ಕಲ್ಲಾಗುತ್ತದೆಯೇ? ಗ್ರೀಸು ಮೆತ್ತಿದ ಗಂಡನ ಅಂಗಿಯನ್ನು ಬೆಳಗ್ಗೆಯಷ್ಟೇ ಒಗೆಯಲು ಹೋಗಿ, ಮೂಸಿ, ಹಾಗೇ ಮೊಳೆಗೆ ತಗುಲಿಸಿ ಬಂದಿದ್ದಳು. ಆ ಕರಿಬೆರಳು ಇನ್ನೊಂದು ಸಲ ಕೆನ್ನೆಗೆ ಮಸಿ ಬಳಿದು ರೇಗಿಸಿದರೆ ಸಾಕಿತ್ತು, ಬೇರೇನೂ ಬೇಡ.

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. "ನೋಡಮ್ಮ, ಎಂಜಿನ್ ಓಡ್ತಿದ್ರೆ ಬೋಟು ಬಂದರಿನ ಕಡೆ ಬರ್ತಾ ಉತ್ತರದಲ್ಲಿರಬೇಕು. ಅಲ್ಲಿ ಹುಡುಕಿ ಹುಡುಕಿ ಕಣ್ಣು ಬಿದ್ದುಹೋಯ್ತು. ನಿಂತಿದ್ರೆ ಸೆಳೆತ ದಕ್ಷಿಣಕ್ಕೆ ಎಳ್ಕೊಂಡು ಹೋಗಿರುತ್ತೆ. ಆ ಕಡೆ ಒಂದು ನರಪಿಳ್ಳೆನೂ ಹೋಗಿ ನೋಡಿಲ್ಲ. ಎಂಜಿನ್ ಹೋದ್ರೆ ಮನುಷ್ಯನೂ ಹೋದ ಅಂತಲ್ಲ."

ಅವಳು ಸೊನ್ನೆ ಅಳಿಸಿದಳು. ಒಂದು ಚಿಕ್ಕ ಸಂಖ್ಯೆ ಒತ್ತಿದಳು, ಅದನ್ನೂ ಅಳಿಸಿ ದೊಡ್ಡದೊಂದು ಹಾಕಿದಳು. ನಕ್ಷೆಯ ಮೇಲಿನ ಕೆಂಪು ಗುರುತು ಉತ್ತರದಿಂದ ಜಾರುತ್ತ ಜಾರುತ್ತ ದಕ್ಷಿಣದ ಖಾಲಿ ನೀಲಿಯಲ್ಲಿ ಹರಡಿ ನಿಂತಿತು.

"ವಿಮಾನ ಈಗಲೇ ತಿರುಗಿಸ್ತೀನಿ," ಅಧಿಕಾರಿ ಫೋನೆತ್ತಿದರು.

"ಸರ್," ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. "ಅವರು ಸಿಕ್ಕಿದ್ರೆ, ಎಂಜಿನ್ ಮೇಲೆ ಅನುಮಾನ ಪಟ್ಟಿದ್ದು ನೀವು ಅನ್ನಿ. ನಾನಲ್ಲ."