ಓದಿದಂತೆ ಭಾವಿಸಲಾಗಿದೆ

“ಆ ಮುದುಕಿ ಬುಟ್ಟೀಲಿ ಏನಿದೆ ನೋಡಯ್ಯ.”

ಪುರಸಭೆಯ ಅಧ್ಯಕ್ಷ ಅಬೆಲಾರ್ದೊ ಬಾಗಿಲ ಕಾವಲಿನವನಿಗೆ ಇಷ್ಟು ಹೇಳಿ ಮೂಗಿಗೆ ಕರವಸ್ತ್ರ ಹಿಡಿದ. ರಾಜಧಾನಿ ಅಸುನ್ಸಿಯೋನ್‌ನಿಂದ ತರಿಸಿದ ಸೆಂಟು ಹಾಕಿದ ಕರವಸ್ತ್ರ. ಕೊನೆಯ ಬೆಂಚಿನಲ್ಲಿ ಚಿಪಾ ರೊಟ್ಟಿ ಮಾರುವ ಮುದುಕಿ ಕೂತಿದ್ದಳು. ಆರು ತಿಂಗಳಿಂದ ಪ್ರತಿ ಮಂಗಳವಾರದ ಸಭೆಗೂ ಬಂದು, ಪಾರ್ಕು ಕಿತ್ತುಕೊಳ್ಳಬೇಡಿ ಎಂದು ಅಂಗಲಾಚುತ್ತಿದ್ದವಳು ಇವತ್ತು ತುಟಿ ಬಿಚ್ಚದೆ ಕೂತಿದ್ದಳು. ಇಂಥವರು ಸುಮ್ಮನಾದರೆ ಕೊಳೆತ ಮೊಟ್ಟೆ ತಂದಿರುತ್ತಾರೆ ಎಂದು ಅವನಿಗೆ ಅನುಮಾನ.

ಕಾವಲಿನವನು ಬಟ್ಟೆ ಎತ್ತಿ ನೋಡಿದ. “ಬರೀ ಚಿಪಾ ಸರ್. ತಳದಲ್ಲಿ ಒಂದಿಷ್ಟು ಕಾಗದ ಹಾಸಿದಾಳೆ.”

“ಥೂ. ಅದನ್ನೂ ತಿಂತಾರಲ್ಲ ಜನ.”

ಅಬೆಲಾರ್ದೊಗೆ ಹೇಸಿಗೆಯಾಗದ ವಸ್ತುವೇ ಆ ಊರಲ್ಲಿ ಇರಲಿಲ್ಲ. ಕಿಟಕಿಯಾಚೆ ಕಾಣುವ ಪಾರ್ಕನ್ನು ಕಂಡರಂತೂ ಮೈಯೆಲ್ಲ ಉರಿ. ಕಾಲಡಿ ಕೊಳೆಯುವ ಲಪಾಚೊ ಮರದ ಹೂ, ಪಾರಿವಾಳದ ಹಿಕ್ಕೆ, ಬೆಂಚಿನ ಮೇಲೆ ಕೂತು ಕಿತ್ತಳೆ ಬೀಜ ಉಗುಳುವ ಮುದುಕರು, ಇವಳ ಒಲೆಯ ಹೊಗೆ. ಆ ಹೇಸಿಗೆಯ ನಡುವೆ ತನ್ನ ಬಿಳಿ ಪಿಕಪ್ ಗಾಡಿ ನಿಲ್ಲಿಸುವುದಕ್ಕೆ ಮಾತ್ರ ಅವನದೇನೂ ಅಡ್ಡಿಯಿರಲಿಲ್ಲ. ಎರಡು ಬೆಂಚು ಕೀಳಿಸಿ, ಮರದ ನೆರಳಲ್ಲಿ ಜಾಗ ಮಾಡಿಕೊಂಡಿದ್ದ.

ಪಾರ್ಕಿನ ಎದುರಿಗೆ ಅವನ ಭಾವಮೈದನ ಸೂಪರ್ ಮಾರ್ಕೆಟ್ ಏಳುತ್ತಿತ್ತು. ಅದಕ್ಕೆ ಎಪ್ಪತ್ತು ಕಾರು ನಿಲ್ಲುವ ಜಾಗ ಬೇಕಿತ್ತು. ಇದು ಊರಲ್ಲಿ ಗೊತ್ತಿಲ್ಲದವರಿಲ್ಲ, ಮೇಜಿನ ಸುತ್ತ ಕೂತ ಏಳೂ ಸದಸ್ಯರಿಗೂ ಗೊತ್ತಿತ್ತು. ಗೊತ್ತಿದ್ದೂ ಮೂಗು ಮುಚ್ಚಿಕೊಳ್ಳದೆ ಕೂತಿದ್ದರು ಎಂಬುದೇ ಅಸಹ್ಯ.

ತಣ್ಣನೆಯ ತೆರೆರೆ ಕಷಾಯ ತುಂಬಿದ ಕೊಂಬಿನ ಲೋಟ ಕೈಯಿಂದ ಕೈಗೆ ಸಾಗಿ ಬಂತು. ಎಲ್ಲರೂ ಒಂದೇ ನಳಿಗೆಯಲ್ಲಿ ಹೀರುವುದು ವಾಡಿಕೆ. ಅಬೆಲಾರ್ದೊ ಎಲ್ಲರ ಎದುರೇ ನಳಿಗೆಯನ್ನು ಕರವಸ್ತ್ರದಿಂದ ಉಜ್ಜಿ ಒರೆಸಿ ಆಮೇಲೆ ಬಾಯಿಗಿಟ್ಟ.

“ಸಭೆಗೆ ಬಂದವರ ಹೆಸರು ಬರ್ಕೋಬೇಕು,” ಎಂದಳು ಕಾರ್ಯದರ್ಶಿ ನಿದಿಯಾ. “ಪೂರ್ತಿ ಹೆಸರು ಹೇಳಿ ಅಜ್ಜಿ.”

“ಸತುರ್ನಿನಾ...”

“ಚಿಪಾ ಅಜ್ಜಿ ಅಂತ ಬರ್ಕೊಳ್ರೀ, ಸಾಕು,” ಎಂದ ಅಬೆಲಾರ್ದೊ. “ಅವಳೇನು ರಾಯಭಾರೀನಾ?”

ಮೇಜಿನ ಸುತ್ತ ನಗು ಎದ್ದಿತು. ನಿದಿಯಾ ಹೇಳಿದಂತೆಯೇ ಬರೆದುಕೊಂಡಳು.

“ಮೊದಲನೇ ವಿಷಯ. ಪಾರ್ಕಿನ ಜಾಗವನ್ನ ವಾಣಿಜ್ಯ ವಲಯಕ್ಕೆ ಸೇರಿಸೋದು. ಹಳೇ ಕಡತ ಹನ್ನೊಂದು ಪುಟ ಇದೆ ಸರ್. ಓದ್ಲಾ?”

“ಓದಿದಂತೆ ಭಾವಿಸಿ.”

ಪುರಸಭೆಗೆ ಅವನು ಕೊಟ್ಟ ಕೊಡುಗೆ ಈ ಒಂದು ಮಾತು. ಅವನು ಬಂದ ಮೇಲೆ ಎಷ್ಟು ದೊಡ್ಡ ಕಡತವಿದ್ದರೂ ಸಭೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮೂರು ವಾರದ ಹಿಂದೆ ಇದೇ ಮುದುಕಿ ಯಾವುದೋ ಕಾಗದದ ನಕಲು ಬೇಕೆಂದು ಅರ್ಜಿ ಹಾಕಿದಾಗಲೂ, ‘ಕೊಡ್ರೀ, ಒಲೆ ಹಚ್ಚೋಕಾಗುತ್ತೆ’ ಎಂದು ಓದದೆ ಸಹಿ ಹಾಕಿದ್ದ.

“ಎರಡನೇದು, ಫಲಕ. ಗೇಟಿನ ಮೇಲಿರೋ ಹಳೇ ಹೆಸರು ತೆಗೆದು, ಪಾರ್ಕಿಂಗ್ ಅಂತ ನೀಲಿ ಫಲಕ ಹಾಕೋದು.”

“ಅದೇನು ಹೆಸರೋ, ತುಕ್ಕು ಹಿಡಿದು ಅರ್ಧ ಉದುರಿದೆ. ಗುಜರಿಗೆ ಹಾಕಿ.”

“ಜಾಗ ಕೊಟ್ಟವರ ಹೆಸರು ಸರ್. ವಿವರ ಕಡತದಲ್ಲಿದೆ. ಓದ್ಲಾ?”

“ಭಾವಿಸಿ, ಭಾವಿಸಿ.”

ಮೂರನೆಯದು ಪಾರ್ಕಿಂಗ್, ಅದರ ಜೊತೆಗೆ ಅಲ್ಲಿ ಕೂತು ಮಾರುವವರನ್ನು ಎಬ್ಬಿಸುವುದು. ಅದನ್ನೂ ಓದಿದಂತೆ ಭಾವಿಸಲಾಯಿತು. ಏಳು ಕೈ ಮೇಲೆದ್ದವು. ಅದರಲ್ಲೊಂದು ಕೈಗೆ ಬೆಳಿಗ್ಗೆ ತಿಂದ ಚಿಪಾದ ಪುಡಿ ಇನ್ನೂ ಅಂಟಿತ್ತು. ಆ ಕೈಯವನು ಕೊನೆಯ ಬೆಂಚಿನತ್ತ ನೋಡಲಿಲ್ಲ.

ಮುದುಕಿ ಎದ್ದು ನಿಂತಳು. “ಒಂದು ಮಾತು ಕೇಳ್ಲಾ, ದೋನ್ ಅಬೆಲಾರ್ದೊ?”

“ಅಳೋದಾದ್ರೆ ಆಚೆ ಹೋಗಿ ಅಳು.”

“ಅಳಲ್ಲ. ಅದು ಇನ್ಮೇಲೆ ಪಾರ್ಕ್ ಅಲ್ಲ ತಾನೆ?”

“ಅಲ್ಲ.”

“ಯಾವಾಗಿಂದ?”

“ಈ ಗಳಿಗೆಯಿಂದ. ಅದನ್ನೂ ಬರ್ಕೊಳ್ರೀ ನಿದಿಯಾ, ಇಲ್ಲಾಂದ್ರೆ ಮುಂದಿನ ವಾರ ಬಂದು ಮತ್ತೆ ರಾಗ ತೆಗೀತಾಳೆ.”

ನಿದಿಯಾ ಬರೆದಳು. ಅವನು ಠರಾವಿಗೆ ಉದ್ದನೆಯ ಸಹಿ ಎಳೆದು, ತಾನೇ ಮೊಹರು ಒತ್ತಿದ.

ಮುದುಕಿ ಬುಟ್ಟಿ ಎತ್ತಿಕೊಂಡು ಮೇಜಿನ ಬಳಿ ಬಂದಳು. ಒಂದೊಂದೇ ಚಿಪಾ ತೆಗೆದು ಸದಸ್ಯರ ಮುಂದೆ ಇಟ್ಟಳು. ಅಬೆಲಾರ್ದೊ ಕುರ್ಚಿ ಹಿಂದಕ್ಕೆ ಸರಿಸಿದ. ಬುಟ್ಟಿಯ ತಳದಲ್ಲಿದ್ದ ಕಾಗದಗಳನ್ನು ಅವಳು ಮಡಿಲಿನ ಬಟ್ಟೆಯಲ್ಲಿ ಒರೆಸಿ, ಒಂದು ಹಾಳೆ ಬೇರೆ ಮಾಡಿ ಅವನ ಮುಂದಿಟ್ಟಳು.

“ಹತ್ತನೇ ಪುಟ,” ಎಂದಳು. “ನಾನು ಓದೋದು ನಿಧಾನ. ಹನ್ನೊಂದು ಪುಟಕ್ಕೆ ಮೂರು ವಾರ ಹಿಡೀತು.”

ಪುರಸಭೆಯ ಮೊಹರಿದ್ದ ನಕಲು, ತನ್ನದೇ ಸಹಿ. ಎಣ್ಣೆ ಕಲೆಯಾದ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಆ ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಸಲ ಅವನು ಒಂದು ಕಾಗದ ಓದಿದ.

‘ಈ ನನ್ನ ಜಾಗವು ಪಾರ್ಕಾಗಿ ಇರುವವರೆಗೆ ಊರಿನದು. ಬೇರೆ ಉಪಯೋಗಕ್ಕೆಂದು ಪುರಸಭೆಯು ಠರಾವು ಮಾಡಿದ ಗಳಿಗೆಯಿಂದ ಅದು ನನ್ನ ಸಂತತಿಗೆ ಸೇರತಕ್ಕದ್ದು. ಸಿಪ್ರಿಯಾನೊ ಒವೆಲಾರ್.’

ಕರವಸ್ತ್ರ ಮೂಗಿನಿಂದ ಹಣೆಗೆ ಹೋಯಿತು. “ಈ ಒವೆಲಾರ್ ಸಂತತಿ ಅಂತ ಈಗ ಯಾರಿದಾರೆ?”

ನಿದಿಯಾ ಪುಸ್ತಕದಿಂದ ತಲೆ ಎತ್ತಲಿಲ್ಲ. “ಪೂರ್ತಿ ಹೆಸರು ಬರ್ಕೊಳ್ಳೋಕೆ ನೀವು ಬಿಡ್ಲಿಲ್ವಲ್ಲ ಸರ್.”

“ಸತುರ್ನಿನಾ ಒವೆಲಾರ್,” ಎಂದಳು ಮುದುಕಿ. “ಮರ ಇರುತ್ತೆ, ಬೆಂಚೂ ಇರುತ್ತೆ, ಯಾರು ಬೇಕಾದ್ರೂ ಬಂದು ಕೂತ್ಕೊಳ್ಳಲಿ, ನಿಮ್ಮ ಗಾಡಿ ಮಾತ್ರ ನನ್ನ ಅಂಗಳದಿಂದ ತೆಗೀರಿ.”