ಒಂದು ಬೆರಳು ಹೆಚ್ಚು

ವಿಲಾಯಿತಿಯ ಹಳೇ ಮಡಚು ಚಾಕುಗಳನ್ನು ಕೂಡಿಡುವ ಹುಚ್ಚು ನನಗೆ. ಯಾವುದನ್ನು ಬಿಚ್ಚಿದರೂ ಎಣ್ಣೆ ಬೆರೆತ ಉಕ್ಕಿನ ವಾಸನೆಗೆ ಕೊಳ್ಳೇಗಾಲದ ತಾತನ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಕ್ಷಯ ಹಿಡಿದು ತವರಿಗೆ ಬಂದು ಮಲಗಿದ್ದಳು. ತಾತ ರೇಷ್ಮೆ ನೇಯುವವನು, ಅವನಿಗೆ ಎಲ್ಲಕ್ಕೂ ನೂಲೇ ಅಳತೆ. ಪ್ರತಿ ಸೋಮವಾರ ಅಮ್ಮನ ತೋಳಿಗೆ ರೇಷ್ಮೆ ಎಳೆ ಸುತ್ತಿ, ಇಂಗ್ಲಿಷ್ ದೊರೆಯೊಬ್ಬ ಕೊಟ್ಟುಹೋಗಿದ್ದ ಕೊಂಬಿನ ಹಿಡಿಯ ಮಡಚು ಚಾಕುವಿನಿಂದ ಕತ್ತರಿಸಿ, ಹಿಂದಿನ ವಾರದ ಎಳೆಯ ಪಕ್ಕ ಇಡುತ್ತಿದ್ದ. ವಾರವಾರವೂ ಎಳೆ ಗಿಡ್ಡವಾಗುತ್ತಿತ್ತು.

ಅಂದು ತಾತ, ತೋಳು ಸುತ್ತಿ ಬಂದ ಎಳೆ ತನ್ನ ತುದಿಯನ್ನು ಕೂಡಿದ ಜಾಗ ಬಿಟ್ಟು ಒಂದು ಬೆರಳಿನಷ್ಟು ಆಚೆಗೆ ಕತ್ತರಿಸಿದ್ದನ್ನು ನಾನು ನೋಡಿದೆ.

"ನೋಡವ್ವ, ಒಂದ್ ಬೆಳ್ಳು ಎಚ್ಚಾಗದೆ. ಮೈ ತುಂಬ್ಕತಾ ಅದೆ," ಎಂದ.

"ತಾತಾ, ನೀನು..." ಎಂದು ಬಾಯಿ ತೆರೆದೆ.

"ಸುಮ್ಕಿರಮ್ಮಿ, ಬಂದ್ಬುಟ್ಳು ಅಳತೆಗಾರ್ತಿ!" ಎಂದು ಅಮ್ಮ ಗದರಿದಳು.

ಆಮೇಲೆ ತಾನೇ ಎಳೆಯನ್ನು ತೋಳಿಗೆ ಸುತ್ತಿಕೊಂಡಳು. ತುದಿ ಒಂದು ಬೆರಳು ಹೆಚ್ಚಾಗಿ ನೇತಾಡಿತು.

"ನಿನ್ ಚಾಕು ಮೊಂಡಾಗದೆ ಕಣಪ್ಪ," ಎಂದು ನಕ್ಕಳು. "ಕುಯ್ಯೋವಾಗ ಜಾರ್ಬುಟ್ಟದೆ."

"ಊ ಕಣವ್ವ, ಮಸೀಬೇಕು," ಎಂದ ತಾತ, ಅಂದು ಬೆಳಿಗ್ಗೆಯಷ್ಟೇ ಮಸೆದಿದ್ದ ಚಾಕುವನ್ನು ಮಡಚುತ್ತಾ.